ಮಳೆ ನೋಡಿ ಮದ್ದು: ಬಂಡೂರು ಕುರಿಗೆ ಜಂತಿನ ಔಷಧಿ ಯಾವಾಗ, ಹೇಗೆ?

ನಾನು ಕುರಿ ಕಟ್ಟಿದ ಮೊದಲ ವರ್ಷ ಔಷಧಿ ಅಂಗಡಿಯವರೊಬ್ಬರು ಗೋಡೆಗೆ ಹಾಕುವ ಕ್ಯಾಲೆಂಡರ್ ಕೊಟ್ಟಿದ್ದರು. ಜೂನ್ 1ರ ಮನೆಯಲ್ಲಿ ಕೆಂಪು ಗುಂಡು, ಅದರ ಕೆಳಗೆ 'ಮುಂಗಾರಿಗೆ ಮುನ್ನ ಜಂತುನಾಶಕ' ಎಂಬ ಸಾಲು. ಆ ದಿನ ಬೆಳಿಗ್ಗೆಯೇ ಹದಿನಾಲ್ಕು ಕುರಿಗೂ ಕುಡಿಸಿ, ಇನ್ನು ಡಿಸೆಂಬರ್‌ವರೆಗೆ ಚಿಂತೆಯಿಲ್ಲವೆಂದು ಕೈ ತೊಳೆದುಕೊಂಡೆ. ಆ ವರ್ಷ ಹುಬ್ಬೆ ಮಳೆ ಚೆನ್ನಾಗಿ ಹಿಡಿಯಿತು, ಉತ್ತರೆಯೂ ಬಿಡಲಿಲ್ಲ. ಹಸ್ತದ ನಡುವೆ ಎರಡನೇ ಸೂಲಿನ ಒಂದು ಕುರಿ ಮಂದೆಯ ಹಿಂದೆ ಉಳಿಯತೊಡಗಿತು. ಸಂಜೆ ನೋಡಿದರೆ ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊತ. ಮೂರನೇ ದಿನ ಸತ್ತಿತು.

ಪಶುವೈದ್ಯರು ರೊಪ್ಪದ ಹಿಂದೆಯೇ ಹೊಟ್ಟೆ ಸೀಳಿ, ನಾಲ್ಕನೆಯ ಹೊಟ್ಟೆಯನ್ನು ಮಗುಚಿ ತೋರಿಸಿದರು. ಒಳಗೋಡೆಯ ತುಂಬ ಹೊಲಿಗೆ ದಾರದ ತುಂಡುಗಳಂತೆ ಹುಳು, ಇನ್ನೂ ಮಿಸುಕಾಡುತ್ತಿದ್ದವು. ಒಂದನ್ನು ಅಂಗೈ ಮೇಲಿಟ್ಟುಕೊಂಡು ಹತ್ತಿರದಿಂದ ನೋಡಿದೆ. ಒಂದು ಅಂಗುಲಕ್ಕೆ ತುಸು ಕಡಿಮೆ ಉದ್ದ. ಕೆಂಪು ದಾರಕ್ಕೆ ಬಿಳಿ ದಾರ ಹೊಸೆದ ಹಾಗೆ ಸುತ್ತುಸುತ್ತು. ಕೆಂಪು ಅದು ಕುಡಿದ ಕುರಿಯ ರಕ್ತ, ಬಿಳಿ ಅದರ ಮೊಟ್ಟೆಚೀಲ. "ಔಷಧಿ ಯಾವಾಗ ಹಾಕಿದ್ರಿ?" ಎಂದರು. ಜೂನ್ 1 ಎಂದೆ. "ಅವತ್ತು ಮಳೆ ಎಲ್ಲಿತ್ತು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಬರಹ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೊಸದಾಗಿ ಐದೋ ಹದಿನೈದೋ ಕುರಿ ಕಟ್ಟಿದವರಿಗೆ. ಬಂಡೂರು ಕುರಿಯ ಊರು ಬಂಡೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಹೊರಗಿನವರು ಬನ್ನೂರು ಕುರಿ ಎನ್ನುತ್ತಾರೆ, ಪಶುವಿಜ್ಞಾನದ ಪುಸ್ತಕಗಳು ಮಂಡ್ಯ ಕುರಿ ಎನ್ನುತ್ತವೆ. ಇದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ತಳಿ ಸಂವರ್ಧನಾ ಕೇಂದ್ರವೂ ಇದೆ. ಗಿಡ್ಡ ಕಾಲು, ಅಗಲ ಬೆನ್ನು, ಮೃದು ಮಾಂಸ. ಬೆಲೆ ಬಾಳುವ ಈ ಕುರಿ ಹುಳಕ್ಕೆ ಬಲಿಯಾದರೆ ಹೊಟ್ಟೆ ಉರಿಯುತ್ತದೆ.

ಹಂತ 1: ನಿಮ್ಮ ಕುರಿ ಮೇಯುವುದು ಬೆದ್ದಲಲ್ಲೋ ಗದ್ದೆಯಲ್ಲೋ?

ಔಷಧಿ ಅಂಗಡಿಗೆ ಹೋಗುವ ಮುಂಚೆ ಇದನ್ನು ತೀರ್ಮಾನಿಸಿಕೊಳ್ಳಿ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಮಂಡ್ಯ, ಮದ್ದೂರು ದಾಟಿ ಮಳವಳ್ಳಿಯ ಕೊನೆ ಭಾಗದವರೆಗೆ ಬರುತ್ತದೆ. ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು, ವರ್ಷದ ಬಹುಪಾಲು ತೇವ. ನಾಲೆ ಮುಟ್ಟದ ಬೆದ್ದಲಿನಲ್ಲಿ ರಾಗಿ, ಹುರುಳಿ, ಹಿಪ್ಪುನೇರಳೆ. ಮಳೆ ಬಂದರೆ ಮಾತ್ರ ಹಸಿರು. ಒಂದೇ ಊರಿನಲ್ಲಿ ಎರಡೂ ಇರುವುದು ನಮ್ಮಲ್ಲಿ ಸಾಮಾನ್ಯ.

ಬೆದ್ದಲಿನ ಕುರಿಗೆ ದೊಡ್ಡ ಶತ್ರು ನಾನು ಅಂಗೈಯಲ್ಲಿ ನೋಡಿದ ರಕ್ತ ಹೀರುವ ದುಂಡು ಹುಳು. ಗದ್ದೆ ಬಯಲಿನ ಕುರಿಗೆ ಅದರ ಜೊತೆ ಪಿತ್ತಜನಕಾಂಗ ಸೇರುವ ಚಪ್ಪಟೆ ಹುಳುವೂ ಇದೆ. ಎರಡಕ್ಕೂ ಔಷಧಿ ಬೇರೆ, ಕಾಲವೂ ಬೇರೆ. ನಿಮ್ಮ ಕುರಿ ಎಲ್ಲಿ ಮೇಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಎಂಬುದನ್ನು ತಿಂಗಳ ಲೆಕ್ಕದಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ಹಂತಕ್ಕೆ ಆ ಹಾಳೆ ಬೇಕಾಗುತ್ತದೆ.

ಹಂತ 2: ಕ್ಯಾಲೆಂಡರ್ ಬಿಟ್ಟು ಮಳೆ ನಕ್ಷತ್ರ ಹಿಡಿಯಿರಿ

ದುಂಡು ಹುಳು ಕುರಿಯ ಹೊಟ್ಟೆಯಲ್ಲಿ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು. ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ನೆಲ ಒಣಗಿದ್ದರೆ ಬಿಸಿಲಿಗೆ ಸುಟ್ಟುಹೋಗುತ್ತದೆ. ತೇವ ಮತ್ತು ಬೆಚ್ಚನೆ ಎರಡೂ ಸಿಕ್ಕರೆ ವಾರದೊಳಗೆ ಮರಿಹುಳುವಾಗಿ ಹುಲ್ಲಿನ ಬುಡ ಹತ್ತಿ ಕೂತಿರುತ್ತದೆ. ಕುರಿ ಆ ಹುಲ್ಲನ್ನು ತಿಂದ ಮೂರು ವಾರಕ್ಕೆ ಹೊಟ್ಟೆಯಲ್ಲಿ ಬೆಳೆದು ತಾನೂ ಮೊಟ್ಟೆ ಇಡಲು ಶುರು. ಒಂದು ವಾರ ನೆಲದಲ್ಲಿ, ಮೂರು ವಾರ ಹೊಟ್ಟೆಯಲ್ಲಿ: ಒಳ್ಳೆಯ ಮಳೆ ಬಿದ್ದ ದಿನದಿಂದ ಒಂದು ತಿಂಗಳು. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ನಮ್ಮ ಮಳೆ. ಪುಸ್ತಕಗಳೆಲ್ಲ 'ಮುಂಗಾರಿಗೆ ಮುನ್ನ, ಮುಂಗಾರಿನ ನಂತರ' ಎನ್ನುತ್ತವೆ. ಮಲೆನಾಡಿಗೆ, ಕರಾವಳಿಗೆ ಅದು ಸರಿ. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಬೀಳುವುದೇ ಸುಮಾರು 700 ಮಿ.ಮೀ.; ಅದೂ ಎರಡು ಕಂತಿನಲ್ಲಿ. ಮೇ ತಿಂಗಳ ಗುಡುಗು ಮಳೆ ಒಂದು ಕಂತು. ಜೂನ್-ಜುಲೈನಲ್ಲಿ ಮೋಡ ಬರುತ್ತದೆ, ಗಾಳಿ ಬರುತ್ತದೆ, ನೀರು ಅಷ್ಟಕ್ಕಷ್ಟೆ. ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್. ಜೂನ್ 1ರ ಕೆಂಪು ಗುಂಡು ನನ್ನನ್ನು ಕೆಡಿಸಿದ್ದು ಇಲ್ಲೇ. ಔಷಧಿ ಕುಡಿಸಿದ್ದು ಹುಳು ಕಡಿಮೆ ಇದ್ದಾಗ, ಮರೆತು ಕೂತದ್ದು ಹುಳು ಉಕ್ಕುವಾಗ.

ನಾನು ಈಗ ಇಟ್ಟುಕೊಂಡಿರುವ ಲೆಕ್ಕ ಹೀಗಿದೆ.

ಏಪ್ರಿಲ್ ಕೊನೆಯಲ್ಲಿ, ಭರಣಿ ಹುಟ್ಟುವ ಹೊತ್ತಿಗೆ, ಹಿಕ್ಕೆ ಪರೀಕ್ಷೆ ಮಾಡಿಸಿ ಮೊಟ್ಟೆ ಹೆಚ್ಚು ಕಂಡ ಕುರಿಗೂ, ಬಡಕಲು ಕುರಿಗೂ ಔಷಧಿ. ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಮರಿಹುಳು ಇರುವುದಿಲ್ಲ. ಇರುವ ಹುಳುವೆಲ್ಲ ಕುರಿಯ ಹೊಟ್ಟೆಯಲ್ಲೇ. ಮೊದಲ ಮಳೆಗೆ ಮೊಟ್ಟೆ ಸುರಿಯುವವು ಅವೇ. ಹಾಗೆಂದು ಇಡೀ ಮಂದೆಗೆ ಕುಡಿಸಬೇಡಿ. ಗುಂಡುಗುಂಡಾಗಿರುವ ಎರಡು ಮೂರು ಕುರಿಯನ್ನು ಬಿಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಕೃತ್ತಿಕೆ ಅಥವಾ ರೋಹಿಣಿಯಲ್ಲಿ ನೆಲ ನೆನೆಯುವಂಥ ಮಳೆ ಯಾವಾಗ ಬಿತ್ತೋ ಅವತ್ತು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. ಅಲ್ಲಿಂದ ನಾಲ್ಕನೇ ವಾರ ಎಲ್ಲ ಕುರಿಯ ಕಣ್ಣು ನೋಡಬೇಕು. ಬೇಕಿದ್ದವಕ್ಕೆ ಮಾತ್ರ ಔಷಧಿ. ಒಂದು ಕೈ ಹನಿ ಉದುರಿ ಮರುದಿನ ಬಿಸಿಲು ಹೊಡೆದರೆ ಅದನ್ನು ಮಳೆ ಎಂದು ಬರೆಯಬೇಡಿ.

ಮಖೆ ಮುಗಿದು ಹುಬ್ಬೆ ಹುಟ್ಟುವಾಗ, ಅಂದರೆ ಆಗಸ್ಟ್ ಕೊನೆಯಲ್ಲಿ, ಮತ್ತೆ ಹಿಕ್ಕೆ ಪರೀಕ್ಷೆ. ಅಲ್ಲಿಂದ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮುಗಿಯುವವರೆಗೆ, ನವೆಂಬರ್ ಮೊದಲ ವಾರದ ತನಕ, ಹದಿನೈದು ದಿನಕ್ಕೊಮ್ಮೆ ಕಣ್ಣು ನೋಡುವುದನ್ನು ತಪ್ಪಿಸಬೇಡಿ. ವರ್ಷದಲ್ಲಿ ಎಲ್ಲಕ್ಕಿಂತ ಅಪಾಯದ ಎರಡು ತಿಂಗಳು ಇವು. ಹಿಂಗಾರು ಕೈಕೊಟ್ಟ ವರ್ಷ ಪರೀಕ್ಷೆಯಲ್ಲಿ ಮೊಟ್ಟೆ ಕಾಣದಿದ್ದರೆ ಔಷಧಿಯನ್ನು ಬಿಟ್ಟೇಬಿಡಬಹುದು. ಹಾಗೆ ಬಿಟ್ಟ ವರ್ಷಗಳೂ ಇವೆ, ಏನೂ ಆಗಿಲ್ಲ.

ಸಂಕ್ರಾಂತಿ ಆದ ಮೇಲೆ ಗದ್ದೆ ಬಯಲಿನವರಿಗೆ ಚಪ್ಪಟೆ ಹುಳದ ಸರದಿ. ಅದಕ್ಕೆ ಬೇರೆ ಹಂತವನ್ನೇ ಕೊಟ್ಟಿದ್ದೇನೆ.

ಈ ಲೆಕ್ಕಕ್ಕೆ ಸೇರದವರು ಇಬ್ಬರು: ಈಯುವ ಕುರಿ ಮತ್ತು ಮರಿ. ಈಯುವ ಎರಡು ವಾರ ಮುಂಚಿನಿಂದ ಈದ ಎರಡು ತಿಂಗಳವರೆಗೆ ತಾಯಿಯ ಮೈ ಹುಳುವನ್ನು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಸುಮ್ಮನೆ ಕೂತಿದ್ದ ಹುಳುವೆಲ್ಲ ಎದ್ದು ಮೊಟ್ಟೆ ಸುರಿಯುತ್ತವೆ, ಅದು ನೇರ ಮರಿಯ ಬಾಯಿಗೆ. ಹಾಗಾಗಿ ಯಾವ ತಿಂಗಳೇ ಇರಲಿ, ಈಯುವ ಸುಮಾರಿಗೆ ವೈದ್ಯರನ್ನು ಕೇಳಿ ಗಬ್ಬಕ್ಕೆ ತೊಂದರೆ ಮಾಡದ ಔಷಧಿ ಕೊಡಿ, ಫೆನ್‌ಬೆಂಡಜೋಲ್ ಅಂಥದ್ದು. ಮರಿ ಹುಲ್ಲು ಕಡಿಯಲು ಶುರುಮಾಡಿ, ಎರಡು ತಿಂಗಳು ತುಂಬುವ ಹೊತ್ತಿಗೆ ಮೊದಲ ಔಷಧಿ. ಮರಿಯ ಹಿಕ್ಕೆಯಲ್ಲಿ ಅನ್ನದ ಅಗುಳಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿ ಹುಳು. ನೋಡಿದವರು ಹೆದರಿಕೊಳ್ಳುತ್ತಾರೆ. ನಿಜಕ್ಕೂ ಹಿಕ್ಕೆಯಲ್ಲಿ ಕಣ್ಣಿಗೆ ಕಾಣದ ದುಂಡು ಹುಳು ಮಾಡುವಷ್ಟು ಹಾನಿಯನ್ನು ಅದು ಮಾಡುವುದಿಲ್ಲ.

ಹಂತ 3: ಕಣ್ಣರೆಪ್ಪೆ ತೆರೆಯಿರಿ

ಖರ್ಚಿಲ್ಲದ ಪರೀಕ್ಷೆ ಇದು. ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಫಮಾಚಾ ಎಂಬ ಹೆಸರಿನಲ್ಲಿ ಐದು ಬಣ್ಣದ ಕಾರ್ಡಿಗೆ ಇಳಿಸಿದರು; ಈಗ ಜಗತ್ತಿನ ಹಲವೆಡೆ ಕುರಿಗಾರರ ಜೇಬಿನಲ್ಲಿ ಆ ಕಾರ್ಡು ಇರುತ್ತದೆ. ವೈದ್ಯರ ಬಳಿ ಇದ್ದರೆ ಕೇಳಿ ನೋಡಿಕೊಳ್ಳಿ.

ಬೆಳಕಿನಲ್ಲಿ, ನೆರಳಿಲ್ಲದ ಕಡೆ ಕುರಿಯನ್ನು ತೊಡೆಗಳ ನಡುವೆ ನಿಲ್ಲಿಸಿಕೊಳ್ಳಿ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣುಗುಡ್ಡೆಯ ಮೇಲೆ ಮೆಲ್ಲಗೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆಯನ್ನು ಕೆಳಗೆ ಎಳೆಯಿರಿ. ಕೆಳರೆಪ್ಪೆಯ ಒಳಗಿನ ತೆಳು ಚರ್ಮ ಹೊರಗೆ ಉಬ್ಬುತ್ತದೆ. ನೋಡಬೇಕಾದದ್ದು ಆ ಬಣ್ಣ. ಎರಡು ಎಣಿಸುವಷ್ಟರಲ್ಲಿ ನೋಡಿ ಬಿಡಿ. ತಡಮಾಡಿದರೆ ಕೆರಳಿ ಕೆಂಪಾಗಿ ಸುಳ್ಳು ಹೇಳುತ್ತದೆ. ದಾಸವಾಳದ ಕೆಂಪಿದ್ದರೆ ಒಂದನೇ ದರ್ಜೆ, ಸುಣ್ಣದ ಬಿಳುಪಾದರೆ ಐದನೇ ದರ್ಜೆ. ಒಂದು, ಎರಡಕ್ಕೆ ಔಷಧಿ ಬೇಡ. ನಾಲ್ಕು, ಐದಕ್ಕೆ ಅವತ್ತೇ ಬೇಕು. ಮೂರನೆಯದು ಕಣಗಿಲೆ ಹೂವಿನ ಬಣ್ಣ, ಗೊಂದಲದ ಜಾಗ: ಕುರಿ ಗಬ್ಬವಿದ್ದರೆ, ಮರಿಗೆ ಹಾಲು ಕೊಡುತ್ತಿದ್ದರೆ, ಬಡಕಲಾಗಿದ್ದರೆ ಕೊಡಿ, ಗಟ್ಟಿ ಟಗರಾದರೆ ಇನ್ನೊಂದು ವಾರ ಕಾಯಿರಿ.

ರಕ್ತದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಹುಳು ದಿನಕ್ಕೆ ಹೀರುವುದು 0.05 ಮಿ.ಲೀ. ಸಾವಿರ ಹುಳು ಸೇರಿದರೆ 50 ಮಿ.ಲೀ., ಅರ್ಧ ಲೋಟ ಕಾಫಿಯಷ್ಟು. 25 ಕೆ.ಜಿ. ತೂಗುವ ಬಂಡೂರು ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂವರೆ ಲೀಟರ್. ಭೇದಿಯಿಲ್ಲ, ಕೆಮ್ಮಿಲ್ಲ, ಮೇವು ಬಿಟ್ಟಿಲ್ಲ ಎಂದು ನಾವು ನೆಮ್ಮದಿಯಾಗಿರುವಾಗಲೇ ಕುರಿ ಬರಿದಾಗುತ್ತಿರುತ್ತದೆ. ಈ ಹುಳು ಭೇದಿ ಮಾಡಿಸುವುದೇ ಅಪರೂಪ.

ಹಂತ 4: ಹಿಕ್ಕೆ ಕಟ್ಟಿಕೊಂಡು ಆಸ್ಪತ್ರೆಗೆ

ನೆಲದಿಂದ ಆರಿಸಬೇಡಿ. ಬೆಳಿಗ್ಗೆ ಕುರಿ ಎದ್ದು ಹಾಕುವಾಗಲೇ ಹಿಡಿಯಿರಿ, ಇಲ್ಲವೇ ವೈದ್ಯ ಸಿಬ್ಬಂದಿಯಿಂದ ಗುದದೊಳಗಿಂದಲೇ ತೆಗೆಸಿ. ಒಂದು ಕುರಿಗೆ ಎಂಟು ಹತ್ತು ಹಿಕ್ಕೆ ಸಾಕು. ಪುಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಗಂಟು ಹಾಕಿ, ಮೇಲೆ ಕುರಿಯ ಗುರುತು ಬರೆಯಿರಿ. ಹತ್ತು ಕುರಿಯಿದ್ದರೆ ನಾಲ್ಕೈದು ಕುರಿಯದು ತಂದರಾಯಿತು: ಒಂದು ಬಡಕಲು, ಒಂದು ಗುಂಡು, ಒಂದು ಹಾಲೂಡಿಸುವುದು, ಒಂದು ಮರಿ. ಅವತ್ತೇ ತಾಲ್ಲೂಕು ಪಶು ಆಸ್ಪತ್ರೆಗೆ ಮುಟ್ಟಿಸಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಸಂತೆ, ಬ್ಯಾಂಕು ಮುಗಿಸಿ ಸಂಜೆ ಕೊಟ್ಟರೆ ಅಷ್ಟರಲ್ಲಿ ಮೊಟ್ಟೆ ಒಡೆದಿರುತ್ತದೆ, ಎಣಿಕೆ ತಪ್ಪುತ್ತದೆ. ಒಂದು ಗ್ರಾಂ ಹಿಕ್ಕೆಗೆ ಎಷ್ಟು ಮೊಟ್ಟೆ ಎಂಬ ಲೆಕ್ಕವನ್ನು ಕೇಳಿ ಬರೆದುಕೊಳ್ಳಿ. 'ಇದೆ' ಅಥವಾ 'ಇಲ್ಲ' ಎಂಬಷ್ಟಕ್ಕೆ ಸುಮ್ಮನೆ ಬರಬೇಡಿ.

ಹಂತ 5: ತೂಗಿ, ಆಮೇಲೆ ಅಳೆಯಿರಿ

ನಮ್ಮಲ್ಲಿ ನಡೆಯುವ ದೊಡ್ಡ ತಪ್ಪು ಅಂದಾಜು. 'ಒಂದು ಕುರಿಗೆ ಐದು ಎಂಎಲ್' ಎಂದು ಎಲ್ಲಕ್ಕೂ ಒಂದೇ ಅಳತೆ. ಮೇಲೆ ತೂಗುಹಾಕುವ ಸ್ಪ್ರಿಂಗ್ ತಕ್ಕಡಿ, ಅದಕ್ಕೊಂದು ಗೋಣಿಚೀಲದ ತೊಟ್ಟಿಲು ಕಟ್ಟಿದರೆ ಮರಿ, ಹೆಣ್ಣು ಕುರಿ ತೂಗಬಹುದು. ಬೆಳೆದ ಹೆಣ್ಣು ಬಂಡೂರು ಸುಮಾರು 25 ಕೆ.ಜಿ., ಟಗರು ಸುಮಾರು 35.

ಲೆಕ್ಕ ಒಂದನ್ನು ಮಾಡಿ ತೋರಿಸುತ್ತೇನೆ. ಆಲ್ಬೆಂಡಜೋಲ್ 2.5 ಪರ್ಸೆಂಟ್ ಎಂದು ಬಾಟಲಿ ಮೇಲಿದ್ದರೆ ಒಂದು ಮಿ.ಲೀ.ನಲ್ಲಿ 25 ಮಿಲಿಗ್ರಾಂ ಔಷಧಿ. ದುಂಡು ಹುಳಕ್ಕೆ ಕುರಿಯ ಒಂದು ಕೆ.ಜಿ. ತೂಕಕ್ಕೆ 7.5 ಮಿಲಿಗ್ರಾಂ ಎಂದು ವೈದ್ಯರು ಬರೆದರೆ, 25 ಕೆ.ಜಿ. ಕುರಿಗೆ ಬೇಕಾದದ್ದು 187.5 ಮಿಲಿಗ್ರಾಂ, ಅಂದರೆ 7.5 ಮಿ.ಲೀ. 35 ಕೆ.ಜಿ. ಟಗರಿಗೆ ಹತ್ತೂವರೆ. ಅದೇ ಐದು ಮಿ.ಲೀ. ಹಾಕಿದ್ದರೆ ಟಗರಿಗೆ ಅರ್ಧ ಔಷಧಿಯೂ ಸಿಕ್ಕಿರುತ್ತಿರಲಿಲ್ಲ. ಬಾಟಲಿಯ ಪರ್ಸೆಂಟ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಪ್ರತಿ ಸಲ ಓದಿ.

ಅರ್ಧ ಔಷಧಿ ಕುಡಿದ ಹುಳುಗಳಲ್ಲಿ ದುರ್ಬಲವಾದವು ಸಾಯುತ್ತವೆ, ಗಟ್ಟಿಯಾದವು ಉಳಿದು ಮೊಟ್ಟೆ ಇಡುತ್ತವೆ. ನಾಲ್ಕಾರು ವರ್ಷಕ್ಕೆ ನಿಮ್ಮ ಹೊಲದ ಹುಳುವೆಲ್ಲ ಆ ಗಟ್ಟಿ ಹುಳದ ಸಂತಾನ, ಆ ಔಷಧಿ ನೀರಿಗೆ ಸಮ. ಗುಂಡು ಕುರಿಗಳನ್ನು ಔಷಧಿಯಿಲ್ಲದೆ ಬಿಡಿ ಎಂದದ್ದು ಇದಕ್ಕೇ. ಅವುಗಳ ಹೊಟ್ಟೆಯ ಹುಳು ಔಷಧಿ ಕಾಣದೆ ಉಳಿದಿರುತ್ತವೆ. ಅವುಗಳ ಮೊಟ್ಟೆ ಹೊಲದಲ್ಲಿ ಬೆರೆತಷ್ಟೂ ಗಟ್ಟಿ ಹುಳದ ಪಾಲು ಕಡಿಮೆ. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಐವರ್‌ಮೆಕ್ಟಿನ್‌ಗೆ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರಲ್ಲಿ ನೊಬೆಲ್ ಪಡೆದರು. ಅಂಥ ಔಷಧಿಗೂ ಬಗ್ಗದ ಕುರಿ ಹುಳು ಇವತ್ತು ಹಲವು ದೇಶಗಳಲ್ಲಿದೆ. ನಿಮ್ಮಲ್ಲಿ ಕೆಲಸ ಮಾಡಿತೇ ಎಂದು ತಿಳಿಯಲು ಔಷಧಿ ಹಾಕುವ ದಿನ ಒಮ್ಮೆ, ಹತ್ತರಿಂದ ಹದಿನಾಲ್ಕು ದಿನದ ಮೇಲೆ ಇನ್ನೊಮ್ಮೆ ಹಿಕ್ಕೆ ಎಣಿಸಿ. ನೂರು ಮೊಟ್ಟೆ ಇದ್ದದ್ದು ಐದಕ್ಕಿಂತ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೇರೆ ಗುಂಪಿನ ಔಷಧಿ ಕೇಳಿ. ಗುಂಪು ಎಂಬುದನ್ನು ಒತ್ತಿ ಹೇಳುತ್ತೇನೆ: ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೆ ಬಾಟಲಿ ಬದಲಾಯಿತು, ಗುಂಪು ಅದೇ.

ಎರಡು ಎಚ್ಚರಿಕೆ. ಗಬ್ಬ ಕಟ್ಟಿದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ, ಹುಟ್ಟುವ ಮರಿ ಊನವಾಗಬಹುದು. ಇನ್ನೊಂದು ಮೇಕೆಯ ವಿಷಯ. ಮೇಕೆಯ ಮೈ ಈ ಔಷಧಿಗಳನ್ನು ಬೇಗ ಹೊರಹಾಕುತ್ತದೆ, ಕುರಿಯ ಅಳತೆ ಅದಕ್ಕೆ ಸಾಲುವುದಿಲ್ಲ. ಆದರೆ ಲೆವಮಿಸೋಲ್ ಹೆಚ್ಚಾದರೆ ಮೇಕೆಗೇ ಅಪಾಯ. ಮೇಕೆಗೆ ಎಷ್ಟು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.

ಹಳಬರು ತುತ್ತ ಮತ್ತು ಹೊಗೆಸೊಪ್ಪಿನ ಕಷಾಯ ಹೇಳಿಕೊಡಬಹುದು. ಒಂದು ಕಾಲಕ್ಕೆ ಬೇರೆ ದೇಶಗಳ ಪಶುವೈದ್ಯರೂ ಅದನ್ನೇ ಕುಡಿಸುತ್ತಿದ್ದರು. ಆದರೆ ತಾಮ್ರವನ್ನು ಕುರಿಯಷ್ಟು ತಾಳದ ಸಾಕುಪ್ರಾಣಿ ಇನ್ನೊಂದಿಲ್ಲ. ಹುಳದ ಜೊತೆ ಕುರಿಯೂ ಹೋಗುತ್ತದೆ. ಬೇವು, ಮುತ್ತುಗದ ಬೀಜದ ಬಗ್ಗೆ ನನಗೆ ಜಗಳವಿಲ್ಲ. ಕಣ್ಣು ಬಿಳಿಚಿಕೊಂಡ ಕುರಿಯನ್ನು ಅವುಗಳ ಮೇಲೆ ನಂಬಿ ಬಿಡಬೇಡಿ, ಅಷ್ಟೆ.

ಹಂತ 6: ಕುಡಿಸುವ ಕೈ

ಬಿದಿರಿನ ಗೊಟ್ಟ ಈಗಲೂ ಹಲವು ಮನೆಯ ಅಟ್ಟದಲ್ಲಿದೆ. ಎತ್ತಿಗೆ ಎಣ್ಣೆ ಕುಡಿಸಲು ಅದು ಸರಿ, ಕುರಿಗೆ ಬೇಡ. ಸೂಜಿಯಿಲ್ಲದ 10 ಅಥವಾ 20 ಮಿ.ಲೀ. ಸಿರಿಂಜ್ ತನ್ನಿ. ಹಿಂದಿನ ರಾತ್ರಿ ಮೇವು ಕಡಿಮೆ ಹಾಕಿದರೆ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತು ಚೆನ್ನಾಗಿ ಕೆಲಸ ಮಾಡುತ್ತವೆ. ತುಂಬುಗಬ್ಬದ ಕುರಿಯನ್ನು ಮಾತ್ರ ಹಸಿವಿನಲ್ಲಿ ಇಡಬೇಡಿ.

ಬಾಟಲಿ ಚೆನ್ನಾಗಿ ಕುಲುಕಿ. ಕುರಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಎಡಗೈಯಿಂದ ಗದ್ದ ಹಿಡಿಯಿರಿ. ಮೂತಿ ನೆಲಕ್ಕೆ ಸಮನಾಗಿರಲಿ. ನಾವೆಲ್ಲ ಮಾಡುವುದು ಮೂತಿಯನ್ನು ಆಕಾಶಕ್ಕೆ ಎತ್ತುವುದು. ಹಾಗೆ ಎತ್ತಿದರೆ ಔಷಧಿ ಶ್ವಾಸಕೋಶಕ್ಕೆ ಇಳಿದು ಎರಡು ದಿನಕ್ಕೆ ನ್ಯುಮೋನಿಯಾ. ತುಟಿಯ ಮೂಲೆಯಲ್ಲಿ ಹಲ್ಲಿಲ್ಲದ ಸಂದು ಸಿಗುತ್ತದೆ, ಅಲ್ಲಿಂದ ಸಿರಿಂಜ್ ತೂರಿಸಿ ನಾಲಿಗೆಯ ಹಿಂಭಾಗಕ್ಕೆ ನಿಧಾನ ಬಿಡಿ. ಗಂಟಲು ನುಂಗುವುದು ನಿಮ್ಮ ಬೆರಳಿಗೆ ತಿಳಿಯಬೇಕು. ಕೆಮ್ಮಿದರೆ ತಕ್ಷಣ ಕೈ ಬಿಟ್ಟು ತಲೆ ತಗ್ಗಿಸಲು ಬಿಡಿ. ಕುಡಿಸಿದ ಕುರಿಯ ಬೆನ್ನಿಗೆ ಸೀಮೆಸುಣ್ಣದ ಗೀಟು ಹಾಕಿ. ಗೀಟಿಲ್ಲದೆ ಒಂದೇ ಕುರಿಗೆ ಎರಡು ಸಲ ಕುಡಿಸಿದವರನ್ನು ಬಲ್ಲೆ, ನಾನೂ ಅವರಲ್ಲೊಬ್ಬ.

ಹಂತ 7: ನಾಲೆ ಬಯಲಿನವರಿಗೆ ಮಾತ್ರ

ಚಪ್ಪಟೆ ಹುಳು ಅಗಸೆ ಎಲೆಯ ಆಕಾರದ್ದು. ಅದಕ್ಕೆ ಕುರಿಯ ಜೊತೆ ಇನ್ನೊಬ್ಬ ಯಜಮಾನ ಬೇಕು: ಗದ್ದೆ ಬದುವಿನ, ನಾಲೆ ಅಂಚಿನ ಬಸವನಹುಳು. ಅದರ ಮೈಯಲ್ಲಿ ಬೆಳೆದು ಹೊರಬಂದು, ನೀರಂಚಿನ ಹುಲ್ಲು ಮತ್ತು ಭತ್ತದ ಬುಡಕ್ಕೆ ಕೋಶಕಟ್ಟಿ ಅಂಟಿಕೊಳ್ಳುತ್ತದೆ. ಭತ್ತ ಕೊಯ್ದ ಕೂಳೆ ಗದ್ದೆಗೆ ಕುರಿ ಬಿಡುವುದು, ಬೇಸಿಗೆಯಲ್ಲಿ ಕೆರೆ ಬತ್ತುವಾಗ ನೀರಿನ ಅಂಚಿನಲ್ಲಷ್ಟೇ ಉಳಿದ ಹಸಿರಿಗೆ ಮಂದೆ ಮುತ್ತುವುದು: ಸೋಂಕು ತಗಲುವ ಎರಡು ದೊಡ್ಡ ಸಮಯ ಇವು.

ಇಲ್ಲೊಂದು ಮೋಸವಿದೆ. ಕೂಳೆಯಲ್ಲಿ ನುಂಗಿದ ಹುಳು ಪಿತ್ತಜನಕಾಂಗವನ್ನು ಕೊರೆದು ಪಿತ್ತನಾಳ ಸೇರಿ ಮೊಟ್ಟೆ ಇಡಲು ಮೂರರಿಂದ ನಾಲ್ಕು ತಿಂಗಳು ಬೇಕು. ಡಿಸೆಂಬರ್‌ನಲ್ಲಿ ಕುರಿ ಕುಗ್ಗುತ್ತಿದ್ದರೂ ಹಿಕ್ಕೆ ಪರೀಕ್ಷೆ 'ಏನೂ ಇಲ್ಲ' ಎನ್ನುತ್ತದೆ. ಹಾಗಾಗಿ ಕೂಳೆಯಲ್ಲಿ ಮೇಯಿಸಿದ ಮಂದೆಗೆ ಸಂಕ್ರಾಂತಿಯ ನಂತರ ಪರೀಕ್ಷೆಯನ್ನು ಕಾಯದೆ ವೈದ್ಯರ ಜೊತೆ ಮಾತಾಡಿ. ಎಳೆಯ ಚಪ್ಪಟೆ ಹುಳುವನ್ನೂ ಕೊಲ್ಲುವುದು ಟ್ರೈಕ್ಲಾಬೆಂಡಜೋಲ್. ಆಕ್ಸಿಕ್ಲೋಜನೈಡ್ ಬಲಿತ ಹುಳುವಿಗೆ ಮಾತ್ರ; ಅದನ್ನು ಹಾಕುವುದಾದರೆ ಬೇಸಿಗೆ ಮೊದಲಿಗೆ ಹಾಕಿದರೆ ಲಾಭ. ಐವರ್‌ಮೆಕ್ಟಿನ್, ಲೆವಮಿಸೋಲ್ ಇವಕ್ಕೆ ಚಪ್ಪಟೆ ಹುಳು ಸಾಯುವುದಿಲ್ಲ. ಗದ್ದೆ ಕುರಿಯ ಕಣ್ಣು ಬಿಳಿಚಿ, ದುಂಡು ಹುಳದ ಔಷಧಿಗೆ ಕೆಂಪಾಗದಿದ್ದರೆ ಅನುಮಾನ ಇಲ್ಲಿಗೆ ತಿರುಗಲಿ. ದಸರಾ ದೀಪಾವಳಿಯ ನಂತರ ನಾತ ಹೊಡೆಯುವ ನೀರುಭೇದಿ ಕಂಡರೆ ಅದು ಹೊಟ್ಟೆಯ ಇನ್ನೊಂದು ಜಾತಿ ಹುಳದ ಎಳೆಯ ಮರಿಗಳ ಕೆಲಸವಿರಬಹುದು, ಅದು ತುರ್ತು. ಮನೆಯಲ್ಲಿ ಮದ್ದು ಹುಡುಕುತ್ತ ಕೂರಬೇಡಿ.

ಔಷಧಿಗಿಂತ ಅಗ್ಗದ ಉಪಾಯವೂ ಇದೆ. ಮನೆಯ ಕಲ್ಲುಬಾನಿಯಲ್ಲಿ ನೀರು ಕುಡಿಸಿಯೇ ಹೊರಡಿಸಿ, ನಾಲೆಯ ಅಂಚಿಗೆ ಇಳಿಯಲು ಬಿಡಬೇಡಿ. ಇಬ್ಬನಿ ಆರಿದ ಮೇಲೆ, ಒಂಬತ್ತು ಗಂಟೆ ದಾಟಿಸಿ ಮೇಯಲು ಬಿಡಿ; ದುಂಡು ಹುಳದ ಮರಿಗಳು ಇಬ್ಬನಿ ಇದ್ದಾಗಲೇ ಹುಲ್ಲಿನ ಮೇಲೇರುವುದು. ರೇಷ್ಮೆ ಮನೆಯಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಎತ್ತರಕ್ಕೆ ಕಟ್ಟಿ ಮೇಯಿಸಿದರೆ ಜಂತಿನ ಕಾಟ ಬಹುಪಾಲು ತಪ್ಪುತ್ತದೆ, ಏಕೆಂದರೆ ಮರಿಹುಳು ಅಷ್ಟೆತ್ತರ ಹತ್ತುವುದಿಲ್ಲ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಕಟ್ಟಿ ಮೇಯಿಸಿದ ಬಂಡೂರು ಟಗರು ಅಷ್ಟು ಮಿಂಚುವುದರಲ್ಲಿ ಇದರ ಪಾಲೂ ಇದೆಯೆಂದು ನನ್ನ ಎಣಿಕೆ.

ಹಂತ 8: ಕೊಂಡ ಕುರಿ, ಮಾರುವ ಕುರಿ

ಸಂತೆಯಿಂದ ತಂದ ಕುರಿಯನ್ನು ಮೂರು ವಾರ ಬೇರೆ ಕಟ್ಟಿ. ಬಂದ ದಿನವೇ ವೈದ್ಯರನ್ನು ಕೇಳಿ ಎರಡು ಬೇರೆ ಗುಂಪಿನ ಔಷಧಿ ಕೊಟ್ಟು, ಹದಿನಾಲ್ಕನೇ ದಿನ ಹಿಕ್ಕೆ ಪರೀಕ್ಷಿಸಿ, ಮೂರು ವಾರ ತುಂಬಿದ ಮೇಲೆ ಮಂದೆಗೆ ಸೇರಿಸಿ. ಬೇರೆಯವರ ಹೊಲದ ಗಟ್ಟಿ ಹುಳು ನಿಮ್ಮ ಹೊಲಕ್ಕೆ ಬರುವ ದೊಡ್ಡ ದಾರಿ ಕೊಂಡು ತಂದ ಕುರಿಯೇ.

ಮಾರುವ ಕುರಿಗೆ ಲೆಕ್ಕ ತಿರುಗುಮುರುಗು. ಯುಗಾದಿಯ ಮರುದಿನದ ಹೊಸತೊಡಕಿಗೆ ನಮ್ಮ ಜಿಲ್ಲೆಯಲ್ಲಿ ಮಾಂಸ ಬೇಯದ ಮನೆ ಕಡಿಮೆ. ಬಕ್ರೀದಿಗೆ ಟಗರಿಗೆ ಬೇಡಿಕೆ. ಔಷಧಿ ಮಾಂಸದಿಂದ ಹೋಗಲು ಎಷ್ಟು ದಿನ ಬೇಕೆಂದು ಬಾಟಲಿ ಮೇಲೆ ಬರೆದಿರುತ್ತದೆ. ಕೆಲವಕ್ಕೆ ಎರಡು ವಾರದ ಒಳಗೆ, ಕೆಲವಕ್ಕೆ ತಿಂಗಳು. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ, ಅಷ್ಟು ದಿನದೊಳಗೆ ಆ ಕುರಿಗೆ ಔಷಧಿ ಮುಟ್ಟಿಸಬೇಡಿ. ತುರ್ತಿಗೆ ಕೊಟ್ಟಿದ್ದರೆ ಆ ಹಬ್ಬಕ್ಕೆ ಮಾರಬೇಡಿ.

ಹಂತ 9: ನಲವತ್ತು ಪುಟದ ನೋಟ್‌ಬುಕ್

ಕುರಿಯ ಗುರುತು, ತೂಕ, ಕಣ್ಣಿನ ದರ್ಜೆ, ಹಿಕ್ಕೆಯ ಎಣಿಕೆ, ಔಷಧಿಯ ಹೆಸರು ಮತ್ತು ಪರ್ಸೆಂಟ್, ಎಷ್ಟು ಮಿ.ಲೀ., ಮಳೆ ಬಿದ್ದ ತಾರೀಖು. ಒಂದು ಸಾಲು ಸಾಕು. ಎರಡು ವರ್ಷ ತುಂಬಿದ ಮೇಲೆ ಪುಟ ತಿರುವಿ ನೋಡಿದರೆ ಪ್ರತಿ ಸಲ ಬಿಳಿಚಿಕೊಳ್ಳುವುದು ಅವೇ ಮೂರು ನಾಲ್ಕು ಕುರಿ ಎಂಬುದು ಕಾಣುತ್ತದೆ. ಹುಳುವನ್ನು ತಡೆಯುವ ಶಕ್ತಿ ವಂಶದಲ್ಲಿ ಬರುತ್ತದೆ. ಆ ಮೂರು ನಾಲ್ಕನ್ನು ಮಾರಿಬಿಡಿ, ಅವುಗಳ ಮರಿಯನ್ನು ತಳಿಗೆ ಇಟ್ಟುಕೊಳ್ಳಬೇಡಿ. ನಾನು ಹಾಗೆ ಮಾಡಿದ ಮೇಲೆ ಔಷಧಿಯ ಖರ್ಚು ಇಳಿದದ್ದು ನೋಟ್‌ಬುಕ್ಕಿನಲ್ಲೇ ಇದೆ.

ದವಡೆ ಊದಿದ್ದರೆ, ಕುರಿ ಏಳದಿದ್ದರೆ ಇಷ್ಟೆಲ್ಲ ಓದುತ್ತ ಕೂರುವ ಹೊತ್ತಲ್ಲ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಒತ್ತಿ. ಕರೆ ಮಾಡುವಾಗ ಕುರಿಯ ತೂಕ, ಗಬ್ಬದ ತಿಂಗಳು, ಹಿಂದಿನ ಸಲ ಹಾಕಿದ ಔಷಧಿಯ ಹೆಸರು, ಈ ಮೂರು ನಾಲಿಗೆಯ ತುದಿಯಲ್ಲಿರಲಿ.